ಗಾಜಿಗೂ ಒಂದು ಮರ್ಯಾದೆ

ತಾನು ಎಲ್ಲರನ್ನೂ ನೋಡಬೇಕು, ತನ್ನನ್ನು ಮಾತ್ರ ಯಾರೂ ನೋಡಬಾರದು ಎಂಬ ಆಸೆ ಮನುಷ್ಯನಿಗೆ ಹೊಸದಲ್ಲ. ಅರಮನೆಯ ಅಂತಃಪುರಕ್ಕೆ ಜಾಲಂದ್ರಗಳಿದ್ದುವು. ಹಳೆಯ ಮನೆಗಳ ಬಾಗಿಲಿಗೆ, ಬಂದವರು ನೆಂಟರೋ ಸಾಲಗಾರರೋ ಎಂದು ತಿಳಿಯಲು, ಸಣ್ಣದೊಂದು ಕಂಡಿ ಇರುತ್ತಿತ್ತು. ಅರಮನೆಗಳ ಕಾಲ ಕಳೆಯಿತು. ಕಂಡಿಯ ಬಾಗಿಲುಗಳೂ ಅಪರೂಪವಾದುವು. ಆದರೆ ಆ ಆಸೆ ಮಾತ್ರ ಅಳಿಯದೆ, ಇಂದು ಮೋಟಾರು ಕಾರಿನ ಗಾಜನ್ನು ಏರಿ ಕುಳಿತಿದೆ.

ಹಾಸನದ ಗೃಹಸ್ಥರೊಬ್ಬರ ಸಂಗತಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅವರ ಉದ್ಯೋಗ ಚನ್ನರಾಯಪಟ್ಟಣದ ಬ್ಯಾಂಕೊಂದರಲ್ಲಿ. ಬಾಡಿಗೆಯ ಮನೆ, ಮಗನ ಕಾಲೇಜು, ಹೆಂಡತಿಯ ಸಂಗೀತದ ಪಾಠ ಎಲ್ಲವೂ ಹಾಸನದಲ್ಲಿ. ಆದುದರಿಂದ ಪ್ರತಿದಿನವೂ ೭೫ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಹೋಗಿಬರುವುದು ಅವರಿಗೆ ತಪ್ಪಿದ್ದಲ್ಲ. ಭೂಗೋಳವನ್ನು ಬಲ್ಲವರಿಗೆ ಇದರಲ್ಲಿರುವ ತೊಂದರೆ ಒಡನೆಯೇ ಹೊಳೆಯುತ್ತದೆ. ಚನ್ನರಾಯಪಟ್ಟಣ ಹಾಸನಕ್ಕೆ ಮೂಡಲಲ್ಲಿದೆ. ಬೆಳಿಗ್ಗೆ ಹೊರಟರೆ ಹುಟ್ಟುವ ಸೂರ್ಯ ಎದುರಿಗೆ. ಸಂಜೆ ಮರಳಿದರೆ ಮುಳುಗುವ ಸೂರ್ಯ ಎದುರಿಗೆ. ದಿನಕ್ಕೆರಡು ಸಲ ಸೂರ್ಯದರ್ಶನವಾಗುವುದು ಪುಣ್ಯವೇ ಇರಬಹುದು. ಆದರೆ ಸ್ಟೀರಿಂಗು ಹಿಡಿದವನಿಗೆ ಆ ಪುಣ್ಯ ಬೇಡವೆನಿಸಿದರೆ ತಪ್ಪೆನ್ನಲಾಗದು.

ಹೀಗಿರುವಾಗ ಕಳೆದ ಬೇಸಿಗೆಯಲ್ಲಿ ಅಂಗಡಿಯವನೊಬ್ಬ ಅವರಿಗೆ ಪರಿಹಾರ ಸೂಚಿಸಿದ. "ಐವತ್ತು ಪರ್ಸೆಂಟಿನ ಕೂಲಿಂಗ್ ಫಿಲ್ಮು ಸಾರ್. ಕಾನೂನಿನಲ್ಲೇ ಐವತ್ತಕ್ಕೆ ಅವಕಾಶ ಇದೆ. ಯಾರೂ ಕೇಳೋದಿಲ್ಲ." ಒಂದು ಮಧ್ಯಾಹ್ನ ಕಳೆಯುವುದರೊಳಗೆ ಪಕ್ಕದ ನಾಲ್ಕು ಗಾಜುಗಳೂ ಹಿಂದಿನ ಗಾಜೂ ಕಪ್ಪಾದುವು. ಮುಂದಿನ ಗಾಜಿಗೆ ಅಂಟಿಸಲು ಮಾತ್ರ ಅವರಿಗೇ ಧೈರ್ಯ ಬರಲಿಲ್ಲ. ಸೂರ್ಯ ಬರುತ್ತಿದ್ದುದು ಆ ಗಾಜಿನಿಂದಲೇ ಎಂಬುದು ಆಮೇಲೆ ನೆನಪಾಯಿತು. ಅಷ್ಟು ಹೊತ್ತಿಗೆ ಹಣ ಕೊಟ್ಟಾಗಿತ್ತು. ಅಲ್ಲದೆ ಕಾರಿಗೆ ಒಂದು ಬಗೆಯ ಗಾಂಭೀರ್ಯವೂ ಬಂದಿತ್ತು. ಬೀದಿಯ ಕೊನೆಯ ಮನೆಯವರು, "ಯಾರೋ ದೊಡ್ಡವರು ಬಂದರು ಅಂದುಕೊಂಡೆ" ಎಂದಾಗ ಯಜಮಾನರಿಗೆ ಸಂತೋಷವಾಗಲಿಲ್ಲವೆಂದರೆ ಸುಳ್ಳಾದೀತು.

ಎಂಟು ತಿಂಗಳು ಯಾರೂ ಕೇಳಲಿಲ್ಲ.

ಒಂದು ಭಾನುವಾರ ಹೊಳೆನರಸೀಪುರದಲ್ಲಿ ತಂಗಿಯ ಮೊಮ್ಮಗುವಿನ ನಾಮಕರಣ. ಅದನ್ನು ಮುಗಿಸಿ ಅರಕಲಗೂಡಿನ ಬಳಿಯ ಹಳ್ಳಿಯಲ್ಲಿರುವ ಅತ್ತೆಯವರನ್ನು ನೋಡಿ, ರಾತ್ರಿಯ ಊಟಕ್ಕೆ ಹಾಸನಕ್ಕೆ ಮರಳುವುದೆಂದು ಏರ್ಪಾಡು. ಮುಂದೆ ಯಜಮಾನರು ಮತ್ತು ಮಗ. ಹಿಂದೆ ಅವರ ಪತ್ನಿ, ಹಣ್ಣಿನ ಬುಟ್ಟಿ, ಬೆಳ್ಳಿಯ ಬಟ್ಟಲು. ಹೊಳೆನರಸೀಪುರ ಇನ್ನೇನು ಬಂತು ಎನ್ನುವಾಗ ಪೋಲೀಸಿನವರು ಕೈ ಅಡ್ಡ ಹಿಡಿದರು.

ಸಬ್ ಇನ್ಸ್‌ಪೆಕ್ಟರರು ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಒರಟುತನವಿರಲಿಲ್ಲ. ಲೈಸೆನ್ಸು, ನೋಂದಣಿ ಪತ್ರ, ವಿಮೆ ಎಲ್ಲವನ್ನೂ ನೋಡಿ ಮರಳಿಸಿದರು. ಅನಂತರ ಬೆರಳಿನಿಂದ ಗಾಜನ್ನು ಮೆಲ್ಲನೆ ತಟ್ಟಿದರು.

"ಇದಕ್ಕೆ ಫಿಲ್ಮು ಹಾಕಿಸಿದ್ದೀರಿ ಸಾರ್. ದಂಡ ಬೀಳುತ್ತೆ."

"ಐವತ್ತು ಪರ್ಸೆಂಟಿನದು. ಕಾನೂನಿನಲ್ಲಿ ಐವತ್ತಕ್ಕೆ ಅವಕಾಶ ಇದೆಯಲ್ಲ?"

"ಅದು ಗಾಜಿನ ಲೆಕ್ಕ ಸಾರ್. ಅದರ ಮೇಲೆ ಇನ್ನೊಂದು ಅಂಟಿಸೋ ಲೆಕ್ಕ ಅಲ್ಲ."

ಐನೂರು ರೂಪಾಯಿ ಎಂದು ಅವರ ಕೈಯಲ್ಲಿದ್ದ ಯಂತ್ರ ತೋರಿಸಿತು. ಅಲ್ಲಿಯೇ ಕಟ್ಟಿ ರಸೀದಿ ಪಡೆಯಬಹುದು. ಆಮೇಲೆ ಠಾಣೆಯಲ್ಲೋ ಅಂತರ್ಜಾಲದ ಮೂಲಕವೋ ಕಟ್ಟಬಹುದು. ತಪ್ಪು ತಮ್ಮದಲ್ಲವೆಂದು ತೋರಿದರೆ ನ್ಯಾಯಾಲಯದಲ್ಲಿ ಹೇಳಿಕೊಳ್ಳಬಹುದು ಎಂದೂ ಅವರು ತಿಳಿಸಿದರು. ಯಜಮಾನರು ಹಣ ಕಟ್ಟಲಿಲ್ಲ. ಚಲನ್ನಿನ ಚೀಟಿಯನ್ನು ಜೇಬಿಗೆ ಸೇರಿಸಿ, ಕಾರನ್ನು ಸ್ವಲ್ಪ ಮುಂದೆ ನಿಲ್ಲಿಸಿ, ಚನ್ನರಾಯಪಟ್ಟಣದಲ್ಲಿರುವ ಭಾವಮೈದನಿಗೆ ಫೋನು ಮಾಡಿದರು. ಕಂಟ್ರಾಕ್ಟರನಾದ ಆತನಿಗೆ ಜಿಲ್ಲೆಯಲ್ಲಿ ಪರಿಚಯವಿಲ್ಲದವರಿಲ್ಲ.

"ಭಾವ, ನೀವೇನೂ ಕಟ್ಟೋಕೆ ಹೋಗಬೇಡಿ. ನಾನು ಮಾತಾಡ್ತೀನಿ. ಇಷ್ಟಕ್ಕೆಲ್ಲ ದುಡ್ಡು ಕಟ್ಟಿದರೆ ನಾವಿದ್ದು ಏನು ಪ್ರಯೋಜನ?"

ಯಜಮಾನರ ಮುಖ ಅರಳಿತು. ಪಕ್ಕದಲ್ಲಿ ಕುಳಿತ ಮಗ ಇದೆಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಅವನಿಗೆ ಹತ್ತೊಂಬತ್ತು ವರ್ಷ. ಲೈಸೆನ್ಸು ಬಂದು ಎರಡು ತಿಂಗಳಾಗಿತ್ತು. ಗೇರು ಬದಲಾಯಿಸುವುದನ್ನು ತಂದೆ ಕಲಿಸಿದ್ದರು. ದಂಡದ ಚೀಟಿ ಬಂದಾಗ ಏನು ಮಾಡಬೇಕೆಂಬ ಪಾಠ ಅಂದು ನಡೆಯಿತು.

ಇಲ್ಲಿ ಕಾನೂನಿನ ಮಾತನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಏಕೆಂದರೆ ಅಂಗಡಿಯವನ ಮಾತು ಪೂರ್ತಿ ಸುಳ್ಳಲ್ಲ, ಅರ್ಧ ಸತ್ಯ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೦೦ನೆಯದು ಗಾಜಿಗೆ ಸಂಬಂಧಿಸಿದ್ದು. ಮುಂದಿನ ಗಾಜು ಮತ್ತು ಹಿಂದಿನ ಗಾಜು ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ೭೦ ಪಾಲನ್ನಾದರೂ, ಪಕ್ಕದ ಗಾಜುಗಳು ೫೦ ಪಾಲನ್ನಾದರೂ ಹಾಯಗೊಡಬೇಕೆಂಬುದು ಅದರ ಸಾರಾಂಶ. ಕಾರ್ಖಾನೆಯಿಂದಲೇ ತುಸು ಹಸಿರಾಗಿಯೋ ಬೂದಿಯಾಗಿಯೋ ಬರುವ ಗಾಜು ಈ ಮಿತಿಯೊಳಗಿದ್ದರೆ ಯಾರದೂ ಅಭ್ಯಂತರವಿಲ್ಲ. ಅದರ ಮೇಲೆ ಹಾಳೆ ಅಂಟಿಸಬಹುದೆ ಎಂಬುದು ಪ್ರಶ್ನೆ. ಅವಿಷೇಕ್ ಗೋಯೆಂಕಾ ಎಂಬವರು ಸಲ್ಲಿಸಿದ ಅರ್ಜಿಯ ಮೇಲೆ, ಮುಖ್ಯ ನ್ಯಾಯಮೂರ್ತಿ ಎಸ್. ಎಚ್. ಕಪಾಡಿಯಾ ಅವರಿದ್ದ ಸರ್ವೋಚ್ಚ ನ್ಯಾಯಾಲಯದ ಪೀಠವು ೨೦೧೨ರ ಏಪ್ರಿಲ್ ೨೭ರಂದು ಇದಕ್ಕೆ ಉತ್ತರ ಕೊಟ್ಟಿತು. ಗಾಜು ತಯಾರಾಗುವಾಗಲೇ ನಿಯಮದಂತಿರಬೇಕು. ಆಮೇಲೆ ಅದರ ಮೇಲೆ ಎಷ್ಟೇ ತೆಳುವಾದ ಕಪ್ಪು ಫಿಲ್ಮನ್ನಾಗಲಿ ಬೇರೆ ಏನನ್ನಾಗಲಿ ಅಂಟಿಸಕೂಡದು ಎಂದಿತು. ಅದೇ ವರ್ಷದ ಮೇ ೪ರಿಂದ ದಂಡ ವಿಧಿಸುವುದರ ಜೊತೆಗೆ ಫಿಲ್ಮನ್ನು ಕಿತ್ತುಹಾಕಬೇಕೆಂದೂ ಆಜ್ಞಾಪಿಸಿತು. ಕಪ್ಪು ಗಾಜಿನ ಮರೆಯಲ್ಲಿ ನಡೆಯುವ ಅಪರಾಧಗಳು, ಅದರಲ್ಲಿಯೂ ಹೆಂಗಸರ ಮೇಲಿನ ದೌರ್ಜನ್ಯ, ಆ ತೀರ್ಪಿನ ಮುಖ್ಯ ಕಾರಣಗಳಲ್ಲೊಂದು.

ಈ ಕಥೆಗೆ ಇನ್ನೊಂದು ಅಧ್ಯಾಯವೂ ಉಂಟು. ೨೦೨೧ರ ಏಪ್ರಿಲ್ ೧ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ 'ಸೇಫ್ಟಿ ಗ್ಲಾಸ್' ಎಂಬ ಮಾತಿನ ಜೊತೆಗೆ 'ಸೇಫ್ಟಿ ಗ್ಲೇಜಿಂಗ್' ಎಂಬ ಮಾತೂ ಸೇರಿತು. ಅದನ್ನು ಆಧಾರವಾಗಿಟ್ಟುಕೊಂಡು, ನಿಯಮಿಸಿದಷ್ಟು ಬೆಳಕನ್ನು ಬಿಡುವ ಫಿಲ್ಮಿಗೆ ದಂಡ ಹಾಕಲಾಗದೆಂದು ಕೇರಳದ ಉಚ್ಚ ನ್ಯಾಯಾಲಯ ೨೦೨೪ರ ಸೆಪ್ಟೆಂಬರಿನಲ್ಲಿ ಹೇಳಿತು. ಫಿಲ್ಮು ಮಾರುವವರ ಬಾಯಲ್ಲಿ ಈ ಸುದ್ದಿ ಘಟ್ಟ ಹತ್ತಿ ಬರುವಷ್ಟರಲ್ಲಿ ಬಹಳ ದೊಡ್ಡದಾಗಿ ಬೆಳೆದುಬಿಟ್ಟಿದೆ. ಆದರೆ ಅಲ್ಲಿಯೂ ೭೦ ಮತ್ತು ೫೦ರ ಗೆರೆಯನ್ನು ಯಾರೂ ಅಳಿಸಿಲ್ಲ.

ಆ ಗೆರೆಯ ಲೆಕ್ಕವನ್ನು ಅಂದು ಕಾರಿನಲ್ಲಿ ಮಗನೇ ಬಿಡಿಸಿದ. ಹೊಳೆನರಸೀಪುರದ ನಾಮಕರಣದ ಊಟವಾಗಿ, ಅರಕಲಗೂಡಿನ ದಾರಿ ಹಿಡಿದಿದ್ದಾಗ ಅವನು ಕೇಳಿದ:

"ಅಪ್ಪಾ, ಗಾಜು ಎಪ್ಪತ್ತು ಪಾಲು ಬೆಳಕನ್ನು ಬಿಡುತ್ತೆ ಅಂತಿಟ್ಟುಕೊಳ್ಳಿ. ಅದರಲ್ಲಿ ಅರ್ಧವನ್ನು ಫಿಲ್ಮು ತಡೆದರೆ ಉಳಿಯೋದು ಎಷ್ಟು?"

"ಮೂವತ್ತೈದು" ಎಂದರು ಬ್ಯಾಂಕಿನವರು, ಲೆಕ್ಕವಲ್ಲವೆ!

"ಹಾಗಾದರೆ ನಮ್ಮದು ಐವತ್ತಲ್ಲ, ಮೂವತ್ತೈದು. ಎಪ್ಪತ್ತರ ಫಿಲ್ಮನ್ನೇ ಹಾಕಿದ್ದರೂ ನಲವತ್ತೊಂಬತ್ತು."

"ನಿನಗೇನೋ ಅದೆಲ್ಲ? ಮಾವ ಮಾತಾಡ್ತಾನೆ, ಸುಮ್ಮನಿರು."

ಹಿಂದಿನ ಸೀಟಿನಿಂದ ಪತ್ನಿ ಹೇಳಿದರು: "ಅವನು ಮಾವನ ವಿಷಯ ಕೇಳಲಿಲ್ಲ. ಲೆಕ್ಕ ಕೇಳಿದ."

ಮುಂದೆ ಅರಕಲಗೂಡು ಬರುವವರೆಗೆ ಕಾರಿನಲ್ಲಿ ಮಾತಿರಲಿಲ್ಲ.

ಅತ್ತೆಯವರ ಮನೆಯಲ್ಲಿ ಕಾಫಿಯಾಗಿ, ಮನೆಯ ತೆಂಗಿನಕಾಯಿಗಳು ಚೀಲಕ್ಕೆ ಬಿದ್ದು, ಹೊರಡುವ ಹೊತ್ತಿಗೆ ಸಂಜೆ ಕವಿದಿತ್ತು. ಹಳ್ಳಿಯಲ್ಲಿ ಅದು ಡೈರಿಗೆ ಹಾಲು ಹಾಕುವ ವೇಳೆ. ಕ್ಯಾನು ಹಿಡಿದ ಹೆಂಗಸರೂ ಮಕ್ಕಳೂ ಓಣಿಯಲ್ಲಿ ಸಾಲಾಗಿ ನಡೆಯುತ್ತಿದ್ದರು. ಕಾರನ್ನು ಓಣಿಯಿಂದ ಹಿಂದಕ್ಕೆ ತೆಗೆಯುವ ಕೆಲಸವನ್ನು ಮಗ ತಾನೇ ವಹಿಸಿಕೊಂಡ. ಯಜಮಾನರು ಪಕ್ಕದಲ್ಲಿ ಕುಳಿತರು. ಎದುರು ಮನೆಯ ಟ್ರ್ಯಾಕ್ಟರು ಗುಡುಗುಡು ಎನ್ನುತ್ತಿತ್ತು. ಕಾರು ಶುರುವಾದ ಸದ್ದು ಯಾರ ಕಿವಿಗೂ ಬೀಳಲಿಲ್ಲ. ಹುಡುಗ ಕುತ್ತಿಗೆ ತಿರುಗಿಸಿ ಹಿಂದಿನ ಗಾಜಿನಲ್ಲಿ ನೋಡಿದ. ಗಾಜಿನಾಚೆ ಸಂಜೆಯಿರಲಿಲ್ಲ, ಆಗಲೇ ರಾತ್ರಿಯಾಗಿತ್ತು. ಓಣಿ ಖಾಲಿಯಿದೆ ಎಂದುಕೊಂಡು ಕಾರನ್ನು ಹಿಂದಕ್ಕೆ ಬಿಟ್ಟ.

ಜಗಲಿಯ ಮೇಲಿದ್ದ ಅಜ್ಜಿ ಕೂಗಿಕೊಂಡರು. ಹುಡುಗ ಬ್ರೇಕು ಒತ್ತಿದ.

ಹನ್ನೊಂದು ಹನ್ನೆರಡು ವರ್ಷದ ಹುಡುಗಿ. ಕಾರು ಅವಳಿಗೆ ತಗುಲಲಿಲ್ಲ. ಕೈಯಲ್ಲಿದ್ದ ಕ್ಯಾನಿಗೆ ತಗುಲಿತು. ಕ್ಯಾನು ಉರುಳಿ ಹಾಲು ಮಣ್ಣಿಗೆ ಹರಿಯಿತು. ಎಲ್ಲರೂ ಇಳಿದು ಓಡಿಬಂದರು. ಹುಡುಗಿ ಅಳಲಿಲ್ಲ. ಹಾಲು ಚೆಲ್ಲಿದ್ದಕ್ಕೆ ಮನೆಯಲ್ಲಿ ಬೈಗುಳ ಬೀಳುತ್ತದೆಂಬ ಭಯವೇ ಅವಳಿಗೆ ಹೆಚ್ಚಾಗಿದ್ದಂತೆ ಕಂಡಿತು.

"ಕಾರು ಅಲ್ಲಾಡೋದು ನೋಡಲಿಲ್ವೇನಮ್ಮ?" ಎಂದರು ಯಜಮಾನರು. ಅವರ ದನಿ ನಡುಗುತ್ತಿತ್ತು.

"ಗಾಡೀಲಿ ಯಾರೂ ಇಲ್ಲ ಅಂದ್ಕೊಂಡೆ. ಕರಿ ಗಾಜಲ್ವಾ, ಒಳಗೇನೂ ಕಾಣ್ಲಿಲ್ಲ" ಎಂದಳು ಹುಡುಗಿ.

ಮನೆಯೊಳಗೆ ಕಾಯಿಸಲೆಂದು ತೆಗೆದಿರಿಸಿದ್ದ ಹಾಲನ್ನು ಅಜ್ಜಿ ಕ್ಯಾನಿಗೆ ಸುರಿದರು. ಯಜಮಾನರ ಪತ್ನಿ ಹುಡುಗಿಯ ಜೊತೆಯಲ್ಲಿ ಡೈರಿಯವರೆಗೆ ಹೋಗಿ ಬಂದರು. ಮಗ ಸ್ಟೀರಿಂಗಿನ ಮೇಲೆ ಎರಡು ಕೈಗಳನ್ನೂ ಇಟ್ಟುಕೊಂಡು ಕುಳಿತವನು ಬಹಳ ಹೊತ್ತು ಏಳಲಿಲ್ಲ. ಹಾಸನಕ್ಕೆ ಯಜಮಾನರೇ ಕಾರು ನಡೆಸಿದರು, ಪಕ್ಕದ ಗಾಜುಗಳನ್ನು ಪೂರ್ತಿ ಇಳಿಸಿಕೊಂಡು.

ನಮ್ಮ ಊರುಗಳ ರಸ್ತೆ ನಡೆಯುವುದು ಸಿಗ್ನಲಿನ ದೀಪದಿಂದಲ್ಲ. ಹಾಸನದ ಬಿ. ಎಂ. ರಸ್ತೆಯಲ್ಲಾಗಲಿ ಅರಕಲಗೂಡಿನ ಪೇಟೆಯಲ್ಲಾಗಲಿ ದಾರಿ ದಾಟುವವನು ಮೊದಲು ನೋಡುವುದು ಕಾರನ್ನಲ್ಲ, ಕಾರಿನೊಳಗಿನ ಮುಖವನ್ನು. ಆ ಮುಖ ತನ್ನನ್ನು ಕಂಡಿದೆಯೆ? ತಲೆಯಾಡಿಸಿತೆ? 'ಹೋಗು' ಎಂದು ಕೈ ಬೀಸಿತೆ? ಸೈಕಲ್ಲಿನವನಿಗೂ ಲಾರಿಯವನಿಗೂ, ಎಮ್ಮೆ ಹೊಡೆದುಕೊಂಡು ಹೋಗುವವನಿಗೂ ಬಸ್ಸಿನ ಡ್ರೈವರಿಗೂ ನಡುವೆ ಕ್ಷಣಮಾತ್ರದಲ್ಲಿ ಕಣ್ಣಿನಿಂದಲೇ ಒಪ್ಪಂದವಾಗಿಬಿಡುತ್ತದೆ. ಯಾವ ಕಾಯಿದೆಯ ಪುಸ್ತಕದಲ್ಲಿಯೂ ಬರೆಯದ ಈ ಒಪ್ಪಂದ ದಿನಕ್ಕೆ ಎಷ್ಟು ಜೀವಗಳನ್ನು ಉಳಿಸುತ್ತದೆಯೋ ಲೆಕ್ಕವಿಟ್ಟವರಿಲ್ಲ. ಕಪ್ಪು ಗಾಜು ಮೊದಲು ಮುರಿಯುವುದು ಇದನ್ನೇ. ಒಳಗಿನವನಿಗೆ ಹೊರಗಿನವರು ಮಸುಕು. ಹೊರಗಿನವರಿಗೆ ಒಳಗಿನವನು ಇಲ್ಲವೇ ಇಲ್ಲ.

ಬಿಸಿಲಿನ ತೊಂದರೆ ಸುಳ್ಳೆಂದು ಯಾರೂ ಹೇಳುವುದಿಲ್ಲ. ಆದರೆ ಗಾಜು ಕಪ್ಪಾದಷ್ಟೂ ಕಾರು ತಂಪಾಗುತ್ತದೆಂಬುದು ಪೂರ್ತಿ ನಿಜವಲ್ಲ. ಸೂರ್ಯನ ತಾಪದಲ್ಲಿ ಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳದು. ಬರಿಯ ಕಪ್ಪು ಬಣ್ಣ ಕಣ್ಣಿಗೆ ಕಾಣುವ ಬೆಳಕನ್ನು ತಡೆಯುವಷ್ಟು ಚೆನ್ನಾಗಿ ಅವನ್ನು ತಡೆಯಲಾರದು. ಮಿಗಿಲಾಗಿ ಕಪ್ಪು ಹಾಳೆ ತಾನೇ ಬಿಸಿಲನ್ನು ಹೀರಿ ಕಾದು ಕೂರುತ್ತದೆ. ನೆರಳಿನಲ್ಲಿ ಕಾರು ನಿಲ್ಲಿಸುವುದು, ಹೊರಡುವ ಮೊದಲು ಎರಡು ನಿಮಿಷ ಬಾಗಿಲು ತೆರೆದು ಬಿಸಿಗಾಳಿಯನ್ನು ಹೊರಹಾಕುವುದು, ಎದುರು ಬಿಸಿಲಿಗೆ ತಲೆಯ ಮೇಲಿನ ಮರೆಹಲಗೆಯನ್ನು ಇಳಿಸಿ ತಂಪು ಕನ್ನಡಕ ಧರಿಸುವುದು—ಇವು ಕಾಸಿಲ್ಲದ ಇಲ್ಲವೇ ಕಡಮೆ ಕಾಸಿನ ಉಪಾಯಗಳು.

ಇನ್ನು, "ದೊಡ್ಡವರ ಕಾರುಗಳಿಗೆ ಇಲ್ಲದ ದಂಡ ನಮಗೇಕೆ?" ಎಂಬ ಪ್ರಶ್ನೆ. ಅದನ್ನು ಕೇಳುವ ಹಕ್ಕು ಎಲ್ಲರಿಗೂ ಇದೆ. ಆದರೆ ಉತ್ತರವೂ ೨೦೧೨ರ ತೀರ್ಪಿನಲ್ಲಿಯೇ ಇದೆ. 'ಜೆಡ್' ಮತ್ತು 'ಜೆಡ್ ಪ್ಲಸ್' ಭದ್ರತೆ ಪಡೆದವರ ವಾಹನಗಳಿಗೆ ಮಾತ್ರ, ಅದೂ ಪರಿಶೀಲನೆಯ ಮೇಲೆ, ವಿನಾಯಿತಿಯುಂಟು. ಅಂದರೆ ಪ್ರಾಣಭಯವಿರುವವರಿಗೆ ವಿನಾಯಿತಿ, ಪ್ರತಿಷ್ಠೆ ಇರುವವರಿಗಲ್ಲ. ಕಪ್ಪು ಗಾಜಿನ ಕಾರು ಕಂಡಾಗ 'ದೊಡ್ಡವರು' ಎಂದು ಬೀದಿಯವರು ದಾರಿ ಬಿಡುತ್ತಾರೆಂದರೆ, ಆ ದೊಡ್ಡತನವನ್ನು ಅಂಗಡಿಯಲ್ಲಿ ಮಾರಾಟಕ್ಕಿಟ್ಟವರು ಯಾರು, ಕೊಂಡವರು ಯಾರು?

ಆ ರಾತ್ರಿ ಊಟಕ್ಕೆ ಕೂರುವ ಮೊದಲು ಯಜಮಾನರು ಜೇಬಿನಿಂದ ಚೀಟಿಯನ್ನು ತೆಗೆದು ಮಗನ ಕೈಗೆ ಕೊಟ್ಟರು. "ಈ ಅಂತರ್ಜಾಲದಲ್ಲಿ ಹೇಗೆ ಕಟ್ಟೋದೋ ತೋರಿಸು" ಎಂದರು. ಮಗ ಕಾರಿನ ಸಂಖ್ಯೆಯನ್ನು ಒತ್ತಿದ. 'ಕೆಎ ೧೩' ಎಂದು ಮೊದಲಾಗುವ ಆ ಸಂಖ್ಯೆಯ ಎದುರಿಗೆ ಬೆಳಗಿನ ತಪ್ಪು, ಸ್ಥಳ, ವೇಳೆ ಎಲ್ಲವೂ ಆಗಲೇ ದಾಖಲಾಗಿತ್ತು. ಒಮ್ಮೆ ಯಂತ್ರದಲ್ಲಿ ನಮೂದಾದ ಚಲನ್ನು ಯಾರೋ ಯಾರಿಗೋ ಮಾಡಿದ ಫೋನಿನಿಂದ ಅಳಿಸಿಹೋಗುವಂಥದಲ್ಲ. ಕಟ್ಟುವವರೆಗೆ ವಾಹನದ ಹೆಸರಿನಲ್ಲಿ ಬಾಕಿಯಾಗಿ ಕುಳಿತಿರುತ್ತದೆ. ಹಣ ಸಂದಾಯವಾಯಿತು. ರಸೀದಿಯನ್ನು ಮಗ ಜೋಪಾನವಾಗಿ ಉಳಿಸಿಟ್ಟ.

ಹತ್ತು ಗಂಟೆಗೆ ಚನ್ನರಾಯಪಟ್ಟಣದಿಂದ ಫೋನು ಬಂತು. "ಭಾವ, ಒಬ್ಬರಿಗೆ ಹೇಳಿದ್ದೀನಿ. ನಾಳೆ ನೋಡೋಣ ಅಂದಿದ್ದಾರೆ."

"ಬೇಡಪ್ಪ, ಕಟ್ಟಿಬಿಟ್ಟೆ."

"ಅಯ್ಯೋ! ಐನೂರು ರೂಪಾಯಿ ದಂಡವಾಯಿತಲ್ಲ!"

"ದಂಡ ಅಲ್ಲಪ್ಪ. ಅಗ್ಗದಲ್ಲಿ ಮುಗೀತು."

ಹೇಗೆ ಅಗ್ಗವೆಂದು ಆತನಿಗೆ ತಿಳಿಯಲಿಲ್ಲ. ಯಜಮಾನರು ವಿವರಿಸಲೂ ಇಲ್ಲ.

ದಂಡ ಕಟ್ಟಿದ ಮಾತ್ರಕ್ಕೆ ಫಿಲ್ಮಿಗೆ ಪರವಾನಗಿ ಸಿಕ್ಕಿದಂತಾಗುವುದಿಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. ೨೦೧೯ರ ತಿದ್ದುಪಡಿಯ ಮೇಲೆ, ಮೋಟಾರು ವಾಹನ ಕಾಯಿದೆಯ ೧೭೭ನೆಯ ಕಲಮಿನಂತೆ ಮೊದಲ ತಪ್ಪಿಗೆ ೫೦೦ ರೂಪಾಯಿಯವರೆಗೆ, ಮತ್ತೆ ಮತ್ತೆ ಮಾಡಿದರೆ ೧,೫೦೦ ರೂಪಾಯಿಯವರೆಗೆ ದಂಡ ವಿಧಿಸಬಹುದು. ಆದುದರಿಂದ ಮರುದಿನ ಬ್ಯಾಂಕಿಗೆ ರಜೆ ಹಾಕಿ ತಂದೆ ಮಗ ಇಬ್ಬರೂ ಫಿಲ್ಮು ಕೀಳಲು ಕುಳಿತರು. ಅಂಟಿಸುವುದು ಒಂದು ಮಧ್ಯಾಹ್ನದ ಕೆಲಸ. ಕೀಳುವುದು ಇಡೀ ದಿನದ್ದು. ತಲೆಗೂದಲು ಒಣಗಿಸುವ ಯಂತ್ರದಿಂದ ಗಾಜನ್ನು ಬೆಚ್ಚಗೆ ಮಾಡಿ, ಮೂಲೆಯಿಂದ ಮೆಲ್ಲಮೆಲ್ಲನೆ ಎಳೆಯಬೇಕು. ಅವಸರ ಮಾಡಿದರೆ ಹಾಳೆ ಹರಿದು ಅಂಟು ಗಾಜಿನಲ್ಲಿಯೇ ಉಳಿಯುತ್ತದೆ. ಉಳಿದ ಅಂಟನ್ನು ಸೋಪಿನ ನೀರು ಹಾಕಿ ಪ್ಲಾಸ್ಟಿಕ್ಕಿನ ಚೂರಿನಿಂದ ಕೆರೆಯಬೇಕು. ಹಿಂದಿನ ಗಾಜಿನಲ್ಲಿ ಮಂಜು ಕರಗಿಸುವ ಸಣ್ಣ ಗೆರೆಗಳಿದ್ದರೆ ಅಲ್ಲಿಗೆ ಬ್ಲೇಡನ್ನು ಸೋಕಿಸಲೇಬಾರದು. ಸಂಜೆಯ ಹೊತ್ತಿಗೆ ಇಬ್ಬರ ಬೆರಳುಗಳೂ ಅಂಟಾಗಿದ್ದುವು. ಹಿಂದಿನ ಗಾಜನ್ನು ಒರೆಸಿ ಮುಗಿಸಿದ ಮೇಲೆ ಮಗ ಡ್ರೈವರಿನ ಸೀಟಿನಲ್ಲಿ ಕುಳಿತು, ಕುತ್ತಿಗೆ ತಿರುಗಿಸಿ, ಹಿಂದೆ ನಿಂತಿದ್ದ ತಾಯಿಯನ್ನು ಸುಮ್ಮನೆ ನೋಡಿದ. ಅವರು ಕೈಯಲ್ಲಿದ್ದ ಕಾಫಿ ಲೋಟವನ್ನು ಮೇಲೆತ್ತಿ ತೋರಿಸಿದರು.

ಮಂಗಳವಾರ ಬೆಳಿಗ್ಗೆ ಯಜಮಾನರು ಎಂದಿನಂತೆ ಚನ್ನರಾಯಪಟ್ಟಣಕ್ಕೆ ಹೊರಟರು. ಸೂರ್ಯ ಎಂದಿನಂತೆ ಎದುರಿಗಿದ್ದ. ತಂಪು ಕನ್ನಡಕ ಧರಿಸಿ, ಮರೆಹಲಗೆಯನ್ನು ಇಳಿಸಿ, ವೇಗವನ್ನು ತುಸು ತಗ್ಗಿಸಿದರು. ಶಾಂತಿಗ್ರಾಮ ದಾಟಿದ ಮೇಲೆ ಹೆದ್ದಾರಿಯ ಅಂಚಿನಲ್ಲಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಮುದುಕನೊಬ್ಬ ರಸ್ತೆ ದಾಟಲು ಕಾಯುತ್ತ ನಿಂತಿದ್ದ. ಹಿಂದೆ ವಾಹನವಿಲ್ಲವೆಂದು ಕನ್ನಡಿಯಲ್ಲಿ ನೋಡಿಕೊಂಡು ಯಜಮಾನರು ಕಾರು ನಿಧಾನಿಸಿ, ಹೋಗೆಂದು ಕೈ ಬೀಸಿದರು. ಮುದುಕ ಅವರ ಮುಖವನ್ನು ನೋಡಿದ, ದಾಟಿದ, ಆಚೆಯ ದಂಡೆ ಸೇರಿ ಹೊರೆಯ ಕೆಳಗಿನಿಂದ ಒಂದು ಕೈಯೆತ್ತಿದ.

ಪಕ್ಕದ ಗಾಜು ಕಪ್ಪಾಗಿದ್ದ ಎಂಟು ತಿಂಗಳಲ್ಲಿ ಹೀಗೆ ಯಾರೂ ತಮಗೆ ಕೈಯೆತ್ತಿರಲಿಲ್ಲವೆಂದು ಯಜಮಾನರಿಗೆ ಆಗ ನೆನಪಾಯಿತು.